ಆದಿಕಾಂಡ ಕೈಯಲ್ಲಿ ಹಿಡಿದು ಮಕ್ಕಳನ್ನು ಬಾದಾಮಿ ಗುಡ್ಡಕ್ಕೆ ಕರೆದೊಯ್ಯುವುದು ಹೇಗೆ

ಗುಳೇದಗುಡ್ಡದಲ್ಲಿ ನಾನು ಸಂಡೇ ಸ್ಕೂಲ್ ಮಕ್ಕಳಿಗೆ ಪಾಠ ಹೇಳುತ್ತೇನೆ. ಹದಿನಾಲ್ಕು ವರ್ಷ ಆಯಿತು. ನೋಹನ ಪಾಠ, ಅಂದರೆ ಸತ್ಯವೇದದ ಮೊದಲ ಪುಸ್ತಕ ಆದಿಕಾಂಡದಲ್ಲಿ ಬರುವ ಮಹಾ ಜಲಪ್ರಳಯದ ಕಥೆ, ಬಂದಾಗಲೆಲ್ಲ ಯಾರಾದರೊಬ್ಬರು ಕೇಳೇ ಕೇಳುತ್ತಾರೆ: "ಅಕ್ಕೋರೇ, ಆ ನೀರು ನಮ್ಮೂರಿಗೂ ಬಂದಿತ್ತಾ?"

ಮೊದಲೆಲ್ಲ ನಾನು ಥಟ್ಟನೆ ಉತ್ತರ ಕೊಡುತ್ತಿದ್ದೆ. "ಹೌದು, ಈ ಗುಡ್ಡದ ಪದರು ನೋಡಿ, ಎಲ್ಲಾ ಆ ನೀರೇ ಹಾಸಿದ್ದು" ಅಂತ. ನಾನು ಚಿಕ್ಕವಳಿದ್ದಾಗ ನನಗೂ ಹಾಗೇ ಹೇಳಿಕೊಟ್ಟಿದ್ದರು. ಆಮೇಲೆ ಒಂದು ಡಿಸೆಂಬರ್‌ನಲ್ಲಿ ಮಕ್ಕಳನ್ನು ಗುಡ್ಡಕ್ಕೇ ಕರೆದುಕೊಂಡು ಹೋದೆ. ಕಲ್ಲಿನ ಪಕ್ಕ ಕೂತು ಒಂದು ತಾಸು ನೋಡಿದ ಮೇಲೆ ಆ ಉತ್ತರ ನನ್ನ ಬಾಯಿಂದ ಹೊರಡಲಿಲ್ಲ.

ನಾನು ಸೃಷ್ಟಿಕರ್ತನನ್ನು ನಂಬುವವಳು. ಆದಿಕಾಂಡದ ಮೊದಲ ವಾಕ್ಯ ನನಗೆ ಸತ್ಯ. ಕಲ್ಲು ಆತನ ಕೈಕೆಲಸ ಅಂದ ಮೇಲೆ ಆ ಕಲ್ಲಿನ ಬಗ್ಗೆ ಮಕ್ಕಳಿಗೆ ಸುಳ್ಳು ಹೇಳಬಾರದು, ಅಲ್ವಾ? ಅದಕ್ಕೇ ಈಗ ನಮ್ಮ ಕ್ಲಾಸಿನಲ್ಲಿ ಕ್ರಮ ಬದಲಾಗಿದೆ. ಮೊದಲು ನೋಡುವುದು. ಆಮೇಲೆ ಓದುವುದು. ಉತ್ತರ ಕೊನೆಗೆ. ನಿಮ್ಮ ಸಭೆಯಲ್ಲೂ ಇದನ್ನು ಮಾಡಬಹುದು. ನಾನು ಮಾಡುವ ರೀತಿ ಹೇಳುತ್ತೇನೆ.

ಹೊರಡುವ ಮೊದಲಿನ ಎರಡು ವಾರ

ಮೊದಲ ಭಾನುವಾರ ಆದಿಕಾಂಡ ಆರರಿಂದ ಒಂಬತ್ತನೇ ಅಧ್ಯಾಯದ ತನಕ ಗಟ್ಟಿಯಾಗಿ ಓದಿಸಿ. ಕಥೆ ಗೊತ್ತಿದೆ ಅಂತ ಬಿಡಬೇಡಿ. ಅಲ್ಲಿ ಏನಿದೆ ಅನ್ನುವುದು ಎಷ್ಟೋ ಜನಕ್ಕೆ ಸರಿಯಾಗಿ ನೆನಪಿರುವುದಿಲ್ಲ. ನಲವತ್ತು ದಿನ ಮಳೆ ಅಷ್ಟೇ ನೆನಪು. ಆದರೆ ನೀರು ಎರಡು ಕಡೆಯಿಂದ ಬಂತು ಎಂದಿದೆ: ಭೂಮಿಯ ಕೆಳಗಿನ ಸೆಲೆಗಳು ಒಡೆದವು, ಆಕಾಶದ ತೂಬುಗಳು ತೆರೆದವು. ನೀರು 150 ದಿನ ನಿಂತಿತು. ನೋಹನ ಆರುನೂರನೇ ವರ್ಷದ ಎರಡನೇ ತಿಂಗಳು ಹದಿನೇಳಕ್ಕೆ ಶುರುವಾದದ್ದು ಮರುವರ್ಷ ಎರಡನೇ ತಿಂಗಳು ಇಪ್ಪತ್ತೇಳಕ್ಕೆ ಮುಗಿಯಿತು. ಅಂದರೆ ಒಂದು ವರ್ಷಕ್ಕಿಂತ ತುಸು ಜಾಸ್ತಿ. ಇದನ್ನು ಗೋಡೆ ಮೇಲೆ ಕ್ಯಾಲೆಂಡರ್ ಹಾಗೆ ಬರೆಸಿ. ಗುಡ್ಡದ ಮೇಲೆ ಈ ಒಂದು ವರ್ಷದ ಲೆಕ್ಕ ಬೇಕಾಗುತ್ತದೆ.

ಪ್ರಳಯದಿಂದ ಉಳಿಯಲು ನೋಹ ಕಟ್ಟಿದ ನಾವೆಯ ಅಳತೆಯನ್ನು ಬಯಲಲ್ಲಿ ಹಗ್ಗ ಹಿಡಿದು ಹಾಕಿಸಿ. 300 ಮೊಳ ಉದ್ದ, 50 ಮೊಳ ಅಗಲ, 30 ಮೊಳ ಎತ್ತರ. ಸಂತೆಯಲ್ಲಿ ಹೂವು ಅಳೆಯುವ ಅದೇ ಮೊಳ ಅಂದರೆ ಮಕ್ಕಳಿಗೆ ತಕ್ಷಣ ತಿಳಿಯುತ್ತದೆ. ಮೊಳಕ್ಕೆ ಒಂದೂವರೆ ಅಡಿ ಹಿಡಿದರೆ ಉದ್ದವೇ 450 ಅಡಿ.

ಎರಡನೇ ಭಾನುವಾರ ಬಾಟಲಿ ಕೆಲಸ. ಇದನ್ನು ಮಾತ್ರ ಬಿಡಲೇಬೇಡಿ, ಗುಡ್ಡದ ಪಾಠ ಅರ್ಧ ಇಲ್ಲೇ ಆಗುತ್ತದೆ. ಅಗಲ ಬಾಯಿಯ ಗಾಜಿನ ಬಾಟಲಿ ತೆಗೆದುಕೊಳ್ಳಿ. ಒಂದು ಹಿಡಿ ಗರಸು, ಒಂದು ಹಿಡಿ ಹೊಳೆ ಉಸುಕು, ಒಂದು ಹಿಡಿ ಎರೆ ಮಣ್ಣು ಹಾಕಿ. ಮುಕ್ಕಾಲು ನೀರು ತುಂಬಿ, ಮುಚ್ಚಳ ಬಿಗಿ ಮಾಡಿ, ಜೋರಾಗಿ ಕುಲುಕಿ, ಇಟ್ಟುಬಿಡಿ. ಗರಸು ಕಣ್ಣು ಮಿಟುಕಿಸುವುದರಲ್ಲಿ ಕೆಳಗೆ. ಅದರ ಮೇಲೆ ಉಸುಕು, ಒಂದು ನಿಮಿಷದೊಳಗೆ. ಎರೆ ಮಣ್ಣು ಮಾತ್ರ ಮರುದಿನವೂ ನೀರಲ್ಲಿ ಕದಡಿಕೊಂಡೇ ಇರುತ್ತದೆ. ಪಕ್ಕದಲ್ಲಿ ಇನ್ನೊಂದು ಬಾಟಲಿ ಇಟ್ಟು ಅದಕ್ಕೆ ಒಂದು ಚಮಚ ಉಪ್ಪು ಹಾಕಿ ನೋಡಿ. ಅದರಲ್ಲಿ ಮಣ್ಣು ಬೇಗ ಕೂರುತ್ತದೆ. ಹೊಳೆ ನೀರಿಗೂ ಸಮುದ್ರದ ನೀರಿಗೂ ಇರುವ ಒಂದು ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ನೀರು ತಿಳಿಯಾದ ಮೇಲೆ ಮೊದಲ ಬಾಟಲಿಗೆ ಅದೇ ಮೂರು ಹಿಡಿಯನ್ನು ಇನ್ನೊಮ್ಮೆ ನಿಧಾನ ಸುರಿಯಿರಿ, ಕುಲುಕಬೇಡಿ. ಈಗ ಬಾಟಲಿಯಲ್ಲಿ ಎರಡು ನೆರೆ ಕಾಣುತ್ತವೆ: ದಪ್ಪ, ಸಣ್ಣ, ಮತ್ತೆ ದಪ್ಪ, ಮತ್ತೆ ಸಣ್ಣ. ಎಷ್ಟು ನೆರೆ ಬಂದಿದ್ದವು ಅಂತ ಎಣಿಸಲು ಬರುತ್ತದೆ ಅನ್ನುವುದನ್ನು ಮಕ್ಕಳೇ ಕಂಡುಹಿಡಿಯುತ್ತಾರೆ. 1669ರಲ್ಲೇ ನಿಕೋಲಸ್ ಸ್ಟೆನೊ ಎಂಬ ಡೆನ್ಮಾರ್ಕಿನವರು ಈ ನಿಯಮ ಬರೆದಿಟ್ಟರು. ಪದರು ಹಾಸುವಾಗ ಮಟ್ಟವಾಗಿ ಹಾಸುತ್ತದೆ, ಕೆಳಗಿನದು ಮೊದಲಿನದು, ಮೇಲಿನದು ಆಮೇಲಿನದು. ಮುಂದೆ ಅವರು ಬಿಷಪ್ ಆದರು. ಕಲ್ಲು ಓದಿದ್ದರಿಂದ ಅವರ ನಂಬಿಕೆಗೇನೂ ಕುಂದು ಬರಲಿಲ್ಲ ಅಂತ ನಾನು ಮಕ್ಕಳಿಗೆ ಬೇಕೆಂದೇ ಹೇಳುತ್ತೇನೆ.

ಗುಡ್ಡದ ಮೇಲೆ

ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ. ಬೆಳಿಗ್ಗೆ ಬೇಗ ಹೋಗಿ. ಬಿಸಿಲು ಓರೆಯಾಗಿ ಬೀಳುವಾಗಲೇ ಕಲ್ಲಿನ ಮೇಲಿನ ಏರಿಳಿತ ಚೆನ್ನಾಗಿ ಕಾಣುತ್ತದೆ, ಮಧ್ಯಾಹ್ನ ಎಲ್ಲಾ ಸಪಾಟು. ಭೂತಗನ್ನಡಿ, ನಿಂಬೆಹಣ್ಣು, ನೋಟ್‌ಬುಕ್, ದಿಕ್ಕು ನೋಡಲು ಮೊಬೈಲ್, ಕುಡಿಯುವ ನೀರು. ಸುತ್ತಿಗೆ ಬೇಡವೇ ಬೇಡ. ಇದು ಸಂರಕ್ಷಿತ ಜಾಗ, ಒಂದು ಚಕ್ಕೆಯನ್ನೂ ಎಬ್ಬಿಸಬಾರದು. ಸೀಮೆಸುಣ್ಣದಿಂದ ಗೀಚಬಾರದು. ಬುತ್ತಿಯನ್ನು ಕೈಯಲ್ಲಿ ಹಿಡಿದು ನಡೆಯಬೇಡಿ, ಮಂಗಗಳು ಬಿಡುವುದಿಲ್ಲ. ಮೇಲೆ ಬಂಡೆ ಬಾಗಿಕೊಂಡಿರುವ ಕಡೆ ಕೆಳಗೆ ಮಕ್ಕಳನ್ನು ಕೂರಿಸಬೇಡಿ.

ಅಗಸ್ತ್ಯ ತೀರ್ಥದ ದಂಡೆಯಲ್ಲಿ ನಿಂತು ಮೊದಲು ದೂರದಿಂದ ನೋಡಿಸಿ. ಏನೂ ಹೇಳಬೇಡಿ. ಹತ್ತು ನಿಮಿಷ ಚಿತ್ರ ಬರೆಯಲಿ. ಕೆಂಪು ಬಂಡೆ ಅಡ್ಡಡ್ಡ ಪದರಾಗಿ, ರೊಟ್ಟಿ ಒಟ್ಟಿದ ಹಾಗೆ ಕಾಣುತ್ತದೆ. ಬಾಟಲಿ ನೋಡಿದ ಮಕ್ಕಳು ತಾವೇ ಎಣಿಸಲು ಶುರು ಮಾಡುತ್ತಾರೆ.

ಆಮೇಲೆ ಹತ್ತಿರ ಹೋಗಿ. ಎರಡು ಗುರುತು ಹುಡುಕಿಸಿ. ಒಂದು, ಓರೆ ಗೆರೆ. ದೊಡ್ಡ ಅಡ್ಡ ಪದರಿನ ಒಳಗೆ ಸಣ್ಣ ಗೆರೆಗಳು ಒಂದೇ ಕಡೆ ವಾಲಿಕೊಂಡಿರುತ್ತವೆ. ಹರಿಯುವ ನೀರು ಉಸುಕನ್ನು ದಿಬ್ಬದ ಮೇಲೆ ತಳ್ಳಿ ಆಚೆ ಬದಿಗೆ ಬೀಳಿಸಿದಾಗ ಹೀಗಾಗುತ್ತದೆ. ಗೆರೆ ವಾಲಿದ ಕಡೆಗೆ ನೀರು ಹರಿದಿತ್ತು. ಮೊಬೈಲ್‌ನಲ್ಲಿ ದಿಕ್ಕು ನೋಡಿ ಬರೆದುಕೊಳ್ಳಲಿ. ನಾಲ್ಕು ಪದರು ಬರೆದರೆ ನಾಲ್ಕೂ ಒಂದೇ ದಿಕ್ಕಾ, ಬೇರೆ ಬೇರೆಯಾ ಅಂತ ಕೇಳಿ.

ಇನ್ನೊಂದು, ಅಲೆಯ ಗುರುತು. ನಮ್ಮ ಕ್ಲಾಸಿನ ಒಂಬತ್ತು ವರ್ಷದ ಹುಡುಗಿ ಒಬ್ಬಳು ಹಾಸುಗಲ್ಲಿನ ಮೇಲೆ ಕಾಲು ಚಾಚಿ ಕೂತಿದ್ದಳು. ಅವಳ ಅಂಗೈ ಕೆಳಗೆ ಕಲ್ಲು ಸಾಲು ಸಾಲಾಗಿ ಏರಿಳಿದಿತ್ತು, ತೊಳೆಯುವ ಕಲ್ಲಿಗೆ ಉಜ್ಜಿದ ಸೀರೆ ನೆರಿಗೆಯ ಹಾಗೆ. ಬೆರಳು ಒಂದೊಂದು ತಗ್ಗಿನಲ್ಲಿ ಒಂದೊಂದು ಕೂತಿತು. "ಅಕ್ಕೋರೇ, ಇದು ಹೊಳೆ ದಂಡೆಯಲ್ಲಿರುತ್ತಲ್ಲಾ ಅದೇ" ಅಂದಳು. ಅದೇ. ಮೊಳಕಾಲು ಮಟ್ಟದ ನೀರು ತೆಳ್ಳಗೆ ಆಡುವಾಗ ಉಸುಕಿನ ಮೇಲೆ ಮೂಡುವ ಗುರುತು. ಪಕ್ಕಕ್ಕೆ ನೋಡಿದರೆ ಅದರ ಕೆಳಗಿನ ಪದರಿನಲ್ಲೂ ಅಂಥದ್ದೇ ಸಾಲು ಇತ್ತು.

ಇಲ್ಲಿ ಕೂತು ಎರಡೂ ಓದನ್ನು ಮಕ್ಕಳ ಮುಂದೆ ಇಡಬೇಕು. ಪ್ರಳಯ ಒಂದೇ ಈ ಎಲ್ಲ ಪದರು ಹಾಸಿತು ಅನ್ನುವವರು ನಮ್ಮಲ್ಲಿ ಇದ್ದಾರೆ. ಅಮೆರಿಕದಲ್ಲಿ 1961ರಲ್ಲಿ ಜಾನ್ ವಿಟ್ಕಂಬ್ ಎಂಬ ದೇವಶಾಸ್ತ್ರಿ ಮತ್ತು ಹೆನ್ರಿ ಮಾರಿಸ್ ಎಂಬ ಜಲ ಎಂಜಿನಿಯರ್ ಸೇರಿ ಬರೆದ ಪುಸ್ತಕದಿಂದ ಈ ವಾದ ಲೋಕದ ತುಂಬ ಹರಡಿತು. ಅವರ ಕಡೆಯವರು ಹೇಳುವುದರಲ್ಲಿ ನಿಜವೂ ಇದೆ. ಪದರು ಯಾವಾಗಲೂ ನಿಧಾನಕ್ಕೇ ಆಗಬೇಕಿಲ್ಲ. 1980ರ ಮೇ 18ರಂದು ಅಮೆರಿಕದ ಸೇಂಟ್ ಹೆಲೆನ್ಸ್ ಎಂಬ ಜ್ವಾಲಾಮುಖಿ ಬೆಟ್ಟ ಸಿಡಿದಾಗ ಬೂದಿ ಕೆಲವೇ ತಾಸಿನಲ್ಲಿ ಪದರು ಪದರಾಗಿ ಕೂತಿತು. ವಾಷಿಂಗ್ಟನ್ ರಾಜ್ಯದ ಬೋಳು ಕಣಿವೆಗಳನ್ನು ಭಾರೀ ನೆರೆ ಕೊರೆದಿದೆ ಎಂದು ಜೆ. ಹಾರ್ಲೆನ್ ಬ್ರೆಟ್ಜ್ 1923ರಲ್ಲಿ ಹೇಳಿದಾಗ ಭೂವಿಜ್ಞಾನಿಗಳೇ ನಂಬಲಿಲ್ಲ. ಅವರು ಹೇಳಿದ್ದು ಸರಿಯಾಗಿತ್ತು. 1979ರಲ್ಲಿ ಅವರಿಗೆ ಭೂವಿಜ್ಞಾನದ ಪೆನ್‌ರೋಸ್ ಪದಕ ಕೊಟ್ಟರು.

ಆದರೆ ಅಲ್ಲಿ ಬೂದಿ ಬೂದಿಯ ಹಾಗೇ ಕಾಣುತ್ತದೆ, ದೊಡ್ಡ ನೆರೆ ದೊಡ್ಡ ನೆರೆಯ ಗುರುತನ್ನೇ ಬಿಟ್ಟಿದೆ. ನಮ್ಮ ಕಲ್ಲು ಹೇಳುವುದು ಬೇರೆ. ಬೆಟ್ಟಗಳನ್ನೇ ಮುಚ್ಚಿದ ನೀರಿನಲ್ಲಿ ಮೊಳಕಾಲು ಮಟ್ಟದ ತೆಳು ಅಲೆಯ ಗುರುತು ಪದರು ಪದರಿಗೂ ಹೇಗೆ ಮೂಡುತ್ತದೆ? ಭೂವಿಜ್ಞಾನಿಗಳು ಇದನ್ನು ಹೊಳೆಗಳು ಮತ್ತು ತೀರದ ಆಳವಿಲ್ಲದ ನೀರು ಬಹಳ ಕಾಲ ಹಾಸಿದ ಉಸುಕು ಅನ್ನುತ್ತಾರೆ. ಕಣ್ಣಿಗೆ ಕಾಣುವುದು ಅದಕ್ಕೇ ಹೊಂದುತ್ತದೆ. ಇನ್ನೊಂದು ಪ್ರಶ್ನೆ ಮಕ್ಕಳೇ ಕೇಳುತ್ತಾರೆ: "ಎಲ್ಲಾ ಪ್ರಾಣಿ ಸತ್ತವಲ್ಲಾ, ಎಲುಬು ಎಲ್ಲಿ?" ಬಾದಾಮಿಯ ಈ ಕಲ್ಲಿನಲ್ಲಿ ಒಂದು ಎಲುಬೂ ಇಲ್ಲ, ಒಂದು ಮೀನಿನ ಮುಳ್ಳೂ ಇಲ್ಲ. ಬಾಗಲಕೋಟೆ ಕಡೆಯ ಸುಣ್ಣದ ಕಲ್ಲಿನಲ್ಲಿ ಸಿಗುವುದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಬಿಸಿಲಿಗೆ ಪಾಚಿ ಹಾಗೆ ಪೊರೆ ಪೊರೆಯಾಗಿ ಬೆಳೆದ ಗುರುತು. ಅದಕ್ಕೆ ಸ್ಟ್ರೊಮ್ಯಾಟೊಲೈಟ್ ಎನ್ನುತ್ತಾರೆ. ಭೂತಗನ್ನಡಿ ಹಿಡಿದರೆ ಕೋಸಿನ ಎಲೆ ಸೀಳಿದ ಹಾಗೆ ಕಾಣುತ್ತದೆ. ಬದುಕಿದ್ದು, ಬೆಳೆದು, ಅದರ ಮೇಲೆ ಮತ್ತೆ ಬೆಳೆದದ್ದು ಅದು.

ಗುಹೆಗಳಿಗೂ ಹೋಗಿ. ಮೂರನೇ ಗುಹೆಯಲ್ಲಿ 578ರ ಶಾಸನ ಇದೆ, ಚಾಲುಕ್ಯರ ಮಂಗಳೇಶ ಬರೆಸಿದ್ದು. ಅಲ್ಲೇ ನೀರಿನಿಂದ ಭೂಮಿಯನ್ನು ಎತ್ತುವ ವರಾಹನ ಮೂರ್ತಿ. ನಮ್ಮ ನೆಲದ ಜನರೂ ನೀರು, ಭೂಮಿ, ಉಳಿವು ಅಂತ ಯೋಚಿಸಿದ್ದಾರೆ, ಗೌರವದಿಂದ ನೋಡಿ ಅಂತ ಮಕ್ಕಳಿಗೆ ಹೇಳುತ್ತೇನೆ. ಕಂಬದ ಕೆತ್ತನೆಗಿಂತ ಹಿಂದಿನ ಕಲ್ಲಿನ ಓರೆ ಗೆರೆಯನ್ನೂ ಅಲ್ಲೇ ತೋರಿಸಬಹುದು.

ನಾಲ್ಕು ಕಲ್ಲು, ಒಂದು ನಿಂಬೆಹಣ್ಣು

ಬುತ್ತಿ ಬಿಚ್ಚಿದ ಮೇಲೆ ಇದನ್ನು ಮಾಡಿ. ಮೊದಲೇ ರಸ್ತೆ ಬದಿಯ ಬಿಡಿ ಕಲ್ಲು ತಂದಿಟ್ಟುಕೊಂಡಿರಿ: ಇಳಕಲ್ಲಿನ ಗುಲಾಬಿ ಗ್ರಾನೈಟ್, ಬಾದಾಮಿ ಕೆಂಪು, ವಿಜಯಪುರದ ಕರಿಕಲ್ಲು. ಗೋಳಗುಮ್ಮಟ ಕಟ್ಟಿದ್ದು ಆ ಕರಿಕಲ್ಲಿನಲ್ಲೇ. ಗುಲಾಬಿಯಲ್ಲಿ ಹರಳು ಮಿನುಗುತ್ತದೆ, ಕೆಂಪಿನಲ್ಲಿ ಉಸುಕಿನ ಕಾಳು ಕಾಣುತ್ತದೆ, ಕರಿಕಲ್ಲಿನಲ್ಲಿ ಅಲ್ಲಲ್ಲಿ ಗಾಳಿಗುಳ್ಳೆಯ ತೂತು. ನಾಲ್ಕನೆಯದು ಲೋಕಾಪುರ ಕಡೆಯ ಸುಣ್ಣದ ಕಲ್ಲು. ಅದರ ಪುಡಿಗೆ ನಿಂಬೆ ರಸ ಹಿಂಡಿ. ಬುರುಬುರು ನೊರೆ ಬರುತ್ತದೆ. ಬೇರೆ ಮೂರಕ್ಕೆ ಬರುವುದಿಲ್ಲ.

ಈಗ ಒಂದರ ಮೇಲೊಂದು ಇಡಿಸಿ. ಎಲ್ಲಕ್ಕಿಂತ ಕೆಳಗೆ ಗುಲಾಬಿ. ಅದರ ಮೇಲೆ ಬಾಗಲಕೋಟೆ, ಕಲಾದಗಿ ಕಡೆಯ ಸುಣ್ಣದ ಕಲ್ಲು ಮತ್ತು ಅದರ ಜೊತೆಯ ಪದರುಗಳು. ಅವನ್ನು ವಾಲಿಸಿ ಇಡಬೇಕು, ಯಾಕೆಂದರೆ ಆ ಪದರು ಮಡಚಿ ಬಾಗಿವೆ. ಅದರ ಮೇಲೆ ಬಾದಾಮಿ ಕೆಂಪು, ಸಪಾಟಾಗಿ. ಉತ್ತರಕ್ಕೆ ಎಲ್ಲಕ್ಕಿಂತ ಮೇಲೆ ಕರಿಕಲ್ಲು. ಈ ವಾಲಿದ್ದರ ಮೇಲೆ ಸಪಾಟು ಇರುವುದೇ ನನ್ನನ್ನು ಬಹಳ ದಿನ ನಿದ್ದೆಗೆಡಿಸಿದ್ದು. ಕೆಳಗಿನದು ಮೊದಲು ಹಾಸಬೇಕು, ಗಟ್ಟಿ ಕಲ್ಲಾಗಬೇಕು, ಬಾಗಬೇಕು, ಮೇಲ್ಭಾಗ ಸವೆದು ಹೋಗಬೇಕು. ಅದಾದ ಮೇಲೆ ಮೇಲಿನದು ಹಾಸಬೇಕು. ಗೋಡೆಯ ಕ್ಯಾಲೆಂಡರ್ ನೆನಪು ಮಾಡಿಸಿ. ಒಂದು ವರ್ಷದಲ್ಲಿ ಇದೆಲ್ಲ ಹಿಡಿಸುವುದಿಲ್ಲ. ಸ್ಕಾಟ್ಲೆಂಡಿನ ಸಿಕ್ಕರ್ ಪಾಯಿಂಟ್‌ನಲ್ಲಿ ಜೇಮ್ಸ್ ಹಟನ್ 1788ರಲ್ಲಿ ಇಂಥದ್ದೇ ಜಾಗ ಕಂಡು ಬೆರಗಾದರು. ನಮಗೆ ಅದು ಮನೆ ಬಾಗಿಲಲ್ಲೇ ಇದೆ.

ಕರಿಕಲ್ಲು ಉರಿಯುತ್ತಾ ಹರಿದು ಬಂದ ಲಾವಾ. ಒಂದು ಹರಿವಿಗೂ ಇನ್ನೊಂದಕ್ಕೂ ನಡುವೆ ಕೆಲವು ಕಡೆ ಕೆಂಪು ಮಣ್ಣಿನ ಪಟ್ಟಿ ಇರುತ್ತದೆ. ವಿಜಯಪುರ ಅಥವಾ ನಿಪ್ಪಾಣಿ ಕಡೆ ಹೋಗುವಾಗ ರಸ್ತೆ ಕಡಿದ ಜಾಗದಲ್ಲಿ ಕಣ್ಣಿಟ್ಟಿರಿ. ಲಾವಾ ಆರಿ, ಮಳೆಗೆ ಕರಗಿ ಮಣ್ಣಾಗಿ, ಅದರ ಮೇಲೆ ಮುಂದಿನ ಲಾವಾ ಬಂದದ್ದರ ಗುರುತು ಅದು. ನಾವು ಜೋಳ ಬಿತ್ತುವ ಎರೆ ಭೂಮಿ ಆ ಕರಿಕಲ್ಲು ಸವೆದು ಆದದ್ದು.

ಈ ಪದರುಗಳಿಗೆ ಕಲಾದಗಿಯ ಹೆಸರು ಇಟ್ಟವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ನಮ್ಮ ಸೀಮೆಯನ್ನೆಲ್ಲ ಸುತ್ತಿ 1876ರಲ್ಲಿ ವರದಿ ಪ್ರಕಟಿಸಿದರು. ಅವರ ಮಾವ ಪೀಟರ್ ಪರ್ಸಿವಲ್ ಮಿಷನರಿ ಪಾದ್ರಿ.

ವಯಸ್ಸಿನ ಪ್ರಶ್ನೆ ಬಂದಾಗ

ಬರುತ್ತದೆ. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ 1650ರಲ್ಲಿ ಸತ್ಯವೇದದ ವಂಶಾವಳಿ ಕೂಡಿಸಿ ಕ್ರಿಸ್ತಪೂರ್ವ 4004ಕ್ಕೆ ಸೃಷ್ಟಿ ಎಂದು ಲೆಕ್ಕ ಹಾಕಿದರು. ಕಲ್ಲಿನೊಳಗಿನ ವಿಕಿರಣ ಧಾತುಗಳು ಎಷ್ಟು ಕ್ಷಯಿಸಿ ಬೇರೆ ಧಾತುಗಳಾಗಿವೆ ಎಂದು ಅಳೆದು ಭೂವಿಜ್ಞಾನಿಗಳು ಕರಿಕಲ್ಲಿಗೆ ಸುಮಾರು 6.6 ಕೋಟಿ ವರ್ಷ ಅನ್ನುತ್ತಾರೆ. ಬಾಗಲಕೋಟೆಯ ಬಾಗಿದ ಪದರುಗಳಿಗೆ 100 ಕೋಟಿಗಿಂತ ಜಾಸ್ತಿ. ಎರಡೂ ಲೆಕ್ಕವನ್ನೂ, ಎರಡನ್ನೂ ಹೇಗೆ ಮಾಡಿದರು ಅನ್ನುವುದನ್ನೂ ನಾನು ಹೇಳುತ್ತೇನೆ. ನನ್ನ ಮಾತು ಕೇಳಿದರೆ, ಕಲ್ಲಿನ ವಯಸ್ಸಿಗೆ ಕಲ್ಲನ್ನೇ ಕೇಳುತ್ತೇನೆ ಅನ್ನುತ್ತೇನೆ. ಆದಿಕಾಂಡ ನನಗೆ ಹೇಳುವುದು ಇದು ಯಾರದ್ದು, ನಾನು ಯಾರವಳು ಅನ್ನುವುದನ್ನು.

ಸಭೆಯ ಹಿರಿಯರೊಬ್ಬರಿಗೆ ಇದು ಹಿಡಿಸಲಿಲ್ಲ. "ಅಕ್ಕಾ, ಮಕ್ಕಳ ನಂಬಿಕೆ ಅಲುಗಾಡುತ್ತದೆ" ಅಂದರು. ನಾನು ವಾದ ಮಾಡಲಿಲ್ಲ. ಮುಂದಿನ ಸಲ ನೀವೂ ಬನ್ನಿ ಅಂದೆ. ಬಂದರು. ಹಾಸುಗಲ್ಲಿನ ಮೇಲೆ ಕೈ ಇಟ್ಟು ಬಹಳ ಹೊತ್ತು ಕೂತರು. ಒಪ್ಪಲಿಲ್ಲ, ಆದರೆ ಅವತ್ತು ಯೋಬನ ಪುಸ್ತಕದ ಮೂವತ್ತೆಂಟನೇ ಅಧ್ಯಾಯವನ್ನು ಅವರೇ ಓದಿದರು. ನಾನು ಭೂಮಿಗೆ ಅಡಿಪಾಯ ಹಾಕುವಾಗ ನೀನೆಲ್ಲಿದ್ದೆ ಎಂದು ದೇವರು ಕೇಳುವ ಭಾಗ. ಅಲ್ಲಿ ಓದಲು ಅದಕ್ಕಿಂತ ಒಳ್ಳೆಯ ಭಾಗ ನನಗೆ ಗೊತ್ತಿಲ್ಲ. ನೀವೂ ಅದನ್ನೇ ಓದಿ. ಕೇಂಬ್ರಿಡ್ಜಿನ ಆಡಂ ಸೆಜ್‌ವಿಕ್ ಪಾದ್ರಿಯೂ ಹೌದು, ಭೂವಿಜ್ಞಾನಿಯೂ ಹೌದು. ಮೇಲ್ಪದರಿನ ಗರಸೆಲ್ಲ ನೋಹನ ಪ್ರಳಯದ್ದು ಎಂದು ಮೊದಲು ನಂಬಿದ್ದರು. 1831ರಲ್ಲಿ ತಾನು ತಪ್ಪಿದ್ದೆ ಎಂದು ಭೂವಿಜ್ಞಾನಿಗಳ ಸಂಘದ ಮುಂದೆ ಎದ್ದು ನಿಂತು ಹೇಳಿದರು. ಪಾದ್ರಿಯಾಗಿಯೇ ಉಳಿದರು.

ನೆರೆ ಕಂಡ ಮಗು ಕ್ಲಾಸಿನಲ್ಲಿ ಕೂತಿದ್ದರೆ

ಇದನ್ನು ಎಲ್ಲಕ್ಕಿಂತ ಎಚ್ಚರದಿಂದ ಮಾಡಬೇಕು. ನಮ್ಮದು ಮುಳುಗಡೆಯ ಜಿಲ್ಲೆ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಓಣಿಗಳು ಹೋದವು, ಜನ ನವನಗರಕ್ಕೆ ಬಂದರು. 2009ರಲ್ಲಿ ನೆರೆ. 2019ರ ಆಗಸ್ಟ್‌ನಲ್ಲಿ ಮತ್ತೆ ನೆರೆ, ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ಮಲಪ್ರಭೆ ನುಗ್ಗಿತು. ಅದರ ಮುಂದಿನ ವರ್ಷ ನೋಹನ ಪಾಠದ ನಡುವೆ ಹೊಳೆದಂಡೆಯ ಹಳ್ಳಿಯ ಹುಡುಗ ಒಬ್ಬ ಎದ್ದು ಕೇಳಿದ: "ನಮ್ಮನಿಗೂ ನೀರು ಬಂತಲ್ಲ, ನಾವೇನು ಪಾಪ ಮಾಡಿದ್ವಿ?"

ನನಗೆ 1993ರ ಸೆಪ್ಟೆಂಬರ್ 30 ನೆನಪಾಯಿತು. ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪ ಆದ ರಾತ್ರಿ. ನಾನು ಚಿಕ್ಕವಳು. ನಮ್ಮಲ್ಲೂ ನೆಲ ನಡುಗಿ ಅವ್ವ ನನ್ನನ್ನು ಎತ್ತಿಕೊಂಡು ಓಣಿಗೆ ಓಡಿದ್ದಳು. ಆಮೇಲೆ ಬಂದ ಬೋಧಕರೊಬ್ಬರು ಸತ್ತವರ ಪಾಪದ ಬಗ್ಗೆ ಮಾತಾಡಿದರು. ಅಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತದ್ದಕ್ಕೆ ಮುಖ್ಯ ಕಾರಣ ಮಣ್ಣಲ್ಲಿ ಕೂಡಿಸಿದ ದಪ್ಪ ಕಲ್ಲಿನ ಗೋಡೆಗಳು ಮಲಗಿದವರ ಮೇಲೆ ಬಿದ್ದದ್ದು. ಆ ಮಾತನ್ನು ಯಾರೂ ನನಗೆ ಹೇಳಿರಲಿಲ್ಲ.

ಇಂಥ ಪ್ರಶ್ನೆ ಬಂದರೆ ಲೂಕನ ಸುವಾರ್ತೆ ಹದಿಮೂರನೇ ಅಧ್ಯಾಯ ತೆಗೆಯಿರಿ. ಸಿಲೊವಾಮಿನ ಗೋಪುರ ಬಿದ್ದು ಹದಿನೆಂಟು ಜನ ಸತ್ತಿದ್ದರು. ಅವರು ಬೇರೆಯವರಿಗಿಂತ ಹೆಚ್ಚು ಪಾಪಿಗಳು ಅಂದುಕೊಂಡಿರಾ ಎಂದು ಯೇಸು ಕೇಳಿ, ಅಲ್ಲ ಅನ್ನುತ್ತಾನೆ. ಅಷ್ಟು ಓದಿ ನಿಲ್ಲಿಸಿ. ಆಮೇಲೆ ಆದಿಕಾಂಡ ಒಂಬತ್ತರ ಮಳೆಬಿಲ್ಲಿನ ಮಾತು, ಇನ್ನು ಪ್ರಳಯದಿಂದ ಭೂಮಿಯನ್ನು ಹಾಳುಮಾಡುವುದಿಲ್ಲ ಎಂದು ದೇವರು ಕೊಟ್ಟ ಮಾತು. ಆಮೇಲೆ ನೀರು ಯಾಕೆ ಬಂತು ಅನ್ನುವುದನ್ನು ನಕ್ಷೆ ಹಿಡಿದು ತೋರಿಸಿ: ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಅಲ್ಲಿ ಘಟ್ಟದ ಮಳೆ, ನವಿಲುತೀರ್ಥ ಅಣೆಕಟ್ಟು ತುಂಬುವುದು, ನೀರು ಬಿಡುವುದು, ಹೊಳೆ ತನ್ನ ಹಳೇ ಬಯಲಿಗೆ ಹರಡುವುದು. ಎಲ್ಲಿ ಮನೆ ಕಟ್ಟಬಾರದು, ಯಾವ ಗೆರೆ ಮುಟ್ಟಿದರೆ ಎದ್ದು ಹೊರಡಬೇಕು ಅನ್ನುವುದು ಅದರಿಂದಲೇ ತಿಳಿಯುತ್ತದೆ.

ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಆ ಮಕ್ಕಳನ್ನು ದಂಡೆಗೆ ಕರೆದುಕೊಂಡು ಹೋಗಿ. ದೊಡ್ಡವರೊಬ್ಬರು ಸಲಿಕೆಯಿಂದ ದಂಡೆಯನ್ನು ಮೊಳಕಾಲೆತ್ತರ ಮಾತ್ರ ನೇರ ಕಡಿಯಲಿ, ಅದಕ್ಕಿಂತ ಆಳ ಬೇಡ, ಕುಸಿಯುತ್ತದೆ. ಕಡಿದ ಮುಖಕ್ಕೆ ನೀರು ಚಿಮುಕಿಸಿದರೆ ಗೆರೆಗಳು ಎದ್ದು ಕಾಣುತ್ತವೆ. ಉಸುಕು, ಹೂಳು, ಮತ್ತೆ ಉಸುಕು. ಆ ಹುಡುಗ ಪಟ್ಟಿ ಹಿಡಿದು ಕೆಳಗಿನಿಂದ ಅಳೆಯುತ್ತಾ ಬಂದ. ಒಂದು ಹೂಳಿನ ಪದರು ಉಳಿದವಕ್ಕಿಂತ ದಪ್ಪ ಇತ್ತು, ನಾಲ್ಕು ಬೆರಳು. ಅದರೊಳಗೆ ಒಂದು ಪ್ಲಾಸ್ಟಿಕ್ ಚೀಲದ ತುದಿ ಸಿಕ್ಕಿಕೊಂಡಿತ್ತು. "ಇದು ನಮ್ಮನೆ ನೀರು" ಅಂದ. ನೋಟ್‌ಬುಕ್‌ನಲ್ಲಿ ಆ ಪದರಿನ ಪಕ್ಕ ಬಾಣದ ಗುರುತು ಹಾಕಿ 2019 ಅಂತ ಬರೆದು, ಅದರ ಕೆಳಗಿನವನ್ನು ಎಣಿಸಲು ಮತ್ತೆ ಬಗ್ಗಿದ.